ಸದ್ದು ಮಾಡುವ ಬಂದೂಕಿಗೆ ಕೆಂಪು ಚುಕ್ಕೆ ಯಾಕೆ?

ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರ, ಬೂದಿಕೋಟೆ ಕಡೆಯ ಹಳ್ಳಿಗಳಲ್ಲಿ ಲೈಸೆನ್ಸ್ ಇರುವ ಬಂದೂಕಿಗೆ ಇರುವುದು ಒಂದೇ ಕೆಲಸ, ಸದ್ದು ಮಾಡುವುದು. ನೆಲಗಡಲೆ ಬಲಿಯುವಾಗ ಕಾಡುಹಂದಿ ಬರುತ್ತದೆ. ರಾಗಿ ತೆನೆ ಹಾಲುಗಟ್ಟುವಾಗ ಗಡಿಯಾಚೆಯ ತಮಿಳುನಾಡು, ಆಂಧ್ರದ ಕಾಡುಗಳಿಂದ ಆನೆ ಹಿಂಡು ಇಳಿಯುತ್ತದೆ. ಅಟ್ಟಣೆಯ ಮೇಲೆ ಕಂಬಳಿ ಹೊದ್ದು ಕೂತವನು ಮೊದಲು ಕೂಗು ಹಾಕುತ್ತಾನೆ, ಆಮೇಲೆ ತಗಡು ಬಡಿಯುತ್ತಾನೆ, ಪಟಾಕಿ ಹಚ್ಚುತ್ತಾನೆ. ಯಾವುದಕ್ಕೂ ಜಗ್ಗದಿದ್ದರೆ ಬಂದೂಕಿನ ಮೂತಿಯನ್ನು ಮೇಲಕ್ಕೆತ್ತಿ ಒಂದು ಢಂ. ಗುರಿ ಹಿಡಿಯುವ ಮಾತೇ ಅಲ್ಲಿಲ್ಲ. ಆಕಾಶಕ್ಕೆ ಯಾರು ಹೊಡೆದರೂ ತಪ್ಪುವುದಿಲ್ಲ.

ಇಂಥ ಬಂದೂಕಿನ ನೆತ್ತಿಯ ಮೇಲೆ ರೆಡ್ ಡಾಟ್ ಸೈಟ್ ಎಂಬ ಗುರಿ ಹಿಡಿಯುವ ಸಾಧನ ಕೂರಿಸಿಕೊಡಿ ಎಂದು ಜನ ನನ್ನನ್ನು ಕೇಳತೊಡಗಿದ್ದಾರೆ. ನಾನು ಕೆಜಿಎಫ್‌ನ ಬೆಮೆಲ್ ಕಾರ್ಖಾನೆಯ ಟೂಲ್‌ರೂಮಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು. ಗೇಟಿನ ಬೀಗದಿಂದ ಹಿಡಿದು ಬೋರ್‌ವೆಲ್ ಪಂಪಿನ ಶಾಫ್ಟ್‌ವರೆಗೆ ಏನು ಕೆಟ್ಟರೂ ಹೊತ್ತು ತರುತ್ತಾರೆ. ಮನೆಯ ಹಿಂದೆ ನನ್ನದೊಂದು ಪುಟ್ಟ ಲೇತ್, ಒಂದು ಡ್ರಿಲ್ಲಿಂಗ್ ಮೆಷಿನ್ ಇರುವುದು ಎಲ್ಲರಿಗೂ ಗೊತ್ತು. ಈ ಸಲ ಕೇಳಿದವನು ಸ್ವಂತ ಅಣ್ಣನ ಮಗ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಆನ್‌ಲೈನಿನಲ್ಲಿ ತರಿಸಿದ ಡಬ್ಬಿ ಕೈಯಲ್ಲಿ. “ಚಿಕ್ಕಪ್ಪ, ತಾತನ ತುಪಾಕಿಗೆ ಇದನ್ನ ಹಾಕಿಕೊಡಿ. ಎರಡೇ ತೂತು, ನಾಲ್ಕು ಸ್ಕ್ರೂ” ಅಂದ. ಆಗುವುದಿಲ್ಲ ಅಂದೆ. ಅವನಿಗೆ ನಿಂತ ಕಾಲಲ್ಲಿ ಹೇಳಲಾಗದ ಕಾರಣಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನಂತೆಯೇ ಡಬ್ಬಿ ತರಿಸಿಕೊಂಡವರು ಇನ್ನೂ ಇದ್ದಾರೆ.

ಮೊದಲು ಆ ವಸ್ತುವಿಗೆ ಸಲ್ಲಬೇಕಾದ ಗೌರವ ಸಲ್ಲಲಿ. ನಮ್ಮೂರಿನ ಹೆಸರಿಟ್ಟುಕೊಂಡ ಸಿನಿಮಾ 2018ರಲ್ಲಿ ಬಂದ ಮೇಲೆ ಇಲ್ಲಿನ ಹುಡುಗರಿಗೆಲ್ಲ ಬಂದೂಕಿನ ವಿದ್ಯೆ ಬಂದುಬಿಟ್ಟಿದೆ. ಅವರ ಪ್ರಕಾರ ರೆಡ್ ಡಾಟ್ ಅಂದರೆ ಎದುರಾಳಿಯ ಎದೆಯ ಮೇಲೆ ಕುಣಿಯುವ ಕೆಂಪು ಬೆಳಕು. ಅದು ಲೇಸರ್. ಇದು ಬೇರೆ. ರೆಡ್ ಡಾಟ್‌ನಿಂದ ಪ್ರಾಣಿಯ ಮೇಲೆ ಯಾವ ಬೆಳಕೂ ಬೀಳುವುದಿಲ್ಲ. ಒಳಗೊಂದು ಸಾಸಿವೆಗಿಂತ ಚಿಕ್ಕ ಎಲ್‌ಇಡಿ, ಎದುರಿಗೆ ಸ್ವಲ್ಪ ಓರೆಯಾಗಿ ನಿಂತ ಬಾಗಿದ ಗಾಜು. ಆ ಗಾಜಿನ ಲೇಪ ಕೆಂಪನ್ನು ಮಾತ್ರ ಹಿಂದಕ್ಕೆ ಕಳಿಸಿ ಉಳಿದ ಬೆಳಕನ್ನು ಬಿಟ್ಟುಕೊಡುತ್ತದೆ. ಎಲ್‌ಇಡಿ ಸರಿಯಾಗಿ ಗಾಜಿನ ನಾಭಿಯಲ್ಲಿ ಕೂತಿರುವುದರಿಂದ ವಾಪಸ್ಸು ಬರುವ ಕಿರಣಗಳು ಸಮಾನಾಂತರವಾಗಿ ಕಣ್ಣಿಗೆ ಬರುತ್ತವೆ. ಹಾಗಾಗಿ ಚುಕ್ಕೆ ಗಾಜಿನ ಮೇಲೆ ಅಂಟಿದಂತೆ ಕಾಣದೆ ದೂರದ ಗುರಿಯ ಜೊತೆಯಲ್ಲೇ ನಿಂತಂತೆ ಕಾಣುತ್ತದೆ. ತಲೆ ಚೂರು ಅತ್ತಿತ್ತ ಸರಿದರೂ ಚುಕ್ಕೆ ಗುರಿಯನ್ನು ಹೆಚ್ಚುಕಡಿಮೆ ಬಿಡುವುದಿಲ್ಲ. ಎರಡೂ ಕಣ್ಣು ತೆರೆದೇ ಹೊಡೆಯಬಹುದು.

ಇದನ್ನು ಯೋಚಿಸಿದವನು ಸೈನಿಕನಲ್ಲ, ಬೇಟೆಗಾರನೂ ಅಲ್ಲ. ಡಬ್ಲಿನ್ನಿನ ದೂರದರ್ಶಕ ತಯಾರಕ ಹೊವಾರ್ಡ್ ಗ್ರಬ್ 1900ರಲ್ಲಿ ಇಂಥ ಪ್ರತಿಫಲನದ ಸೈಟಿಗೆ ಪೇಟೆಂಟ್ ಪಡೆದ. ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿದ್ದ 15 ಇಂಚಿನ ದೂರದರ್ಶಕ ಅದೇ ಗ್ರಬ್ ಕಂಪನಿಯದು. ಎಲೆಕ್ಟ್ರಾನಿಕ್ ಚುಕ್ಕೆ ಬಂದದ್ದು 1975ರಲ್ಲಿ, ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿಯಿಂದ. ಓಡುವ ಹಂದಿ, ಕಡವೆಯಂಥ ದೊಡ್ಡ ಮೃಗಗಳನ್ನು ಕಾನೂನುಬದ್ಧವಾಗಿ ಬೇಟೆಯಾಡುವ ಆ ಚಳಿನಾಡಿಗೆ ಅದು ಹೇಳಿ ಮಾಡಿಸಿದ ಸಾಧನ.

ನನ್ನ ವಯಸ್ಸಿನವರಿಗೆ ಇದರ ಬೆಲೆ ಚೆನ್ನಾಗಿ ತಿಳಿಯುತ್ತದೆ. ಕಾಲೇಜಿನಲ್ಲಿ ಎನ್‌ಸಿಸಿ ಪಾಯಿಂಟ್ ಟೂಟೂ ರೈಫಲ್ ಹಿಡಿದಾಗ ಹವಾಲ್ದಾರರು ಹೇಳಿಕೊಟ್ಟದ್ದು ಈಗಲೂ ನೆನಪಿದೆ. ಬ್ಯಾಕ್‌ಸೈಟಿನ ಸೀಳು, ಫೋರ್‌ಸೈಟಿನ ತುದಿ, ಗುರಿ ಮೂರೂ ಒಂದೇ ಗೆರೆಗೆ ಬರಬೇಕು. ಕಣ್ಣು ಮಾತ್ರ ಫೋರ್‌ಸೈಟಿನ ಮೇಲಿರಬೇಕು. ಇಪ್ಪತ್ತರ ಕಣ್ಣಿಗೆ ಅದು ಆಟ. ನಲವತ್ತೈದು ದಾಟಿದ ಮೇಲೆ ಕಣ್ಣಿನ ಮಸೂರ ಬಿಗಿದುಕೊಂಡು ಹತ್ತಿರದ್ದು ಮಸುಕಾಗುತ್ತದೆ. ಮೈಕ್ರೋಮೀಟರ್ ಓದುವುದಕ್ಕೇ ನನಗೆ ಕನ್ನಡಕ ಬೇಕಾಯಿತು, ಒಂದು ಗಜ ದೂರದ ಫೋರ್‌ಸೈಟೂ ಮಸುಕಾಯಿತು. ಮುದಿಗಣ್ಣಿಗೆ ರೆಡ್ ಡಾಟ್ ಕನ್ನಡಕವಿದ್ದ ಹಾಗೆ. ನೋಡಬೇಕಾದದ್ದು ಒಂದೇ ದೂರದಲ್ಲಿ, ಒಂದೇ ಚುಕ್ಕೆ. (ಕಣ್ಣಿನಲ್ಲಿ ಅಸ್ಟಿಗ್ಮಾಟಿಸಂ ಇದ್ದವರಿಗೆ ಮಾತ್ರ ಚುಕ್ಕೆ ಚುಕ್ಕೆಯಾಗಿ ಕಾಣದೆ ಚೆಲ್ಲಿದ ಕುಂಕುಮವಾಗುತ್ತದೆ. ಕೊಳ್ಳುವ ಮುನ್ನ ನೋಡಿ ಕೊಳ್ಳಿ.)

ಆದ್ದರಿಂದ “ಹಳೇ ಬಂದೂಕಿಗೆ ಹೊಸ ಯಂತ್ರ ಕೂರಿಸಿದರೆ ಪರಂಪರೆ ಕೆಡುತ್ತದೆ” ಎನ್ನುವವರ ಪಕ್ಷ ನಾನಲ್ಲ. ಯಾವ ಪರಂಪರೆ? ಹೈದರಾಲಿ ಹುಟ್ಟಿದ ಬೂದಿಕೋಟೆ ಇದೇ ತಾಲ್ಲೂಕಿನಲ್ಲಿದೆ. ಅವನ ಕಾಲದ ಬತ್ತಿ ಹಚ್ಚುವ ಬಂದೂಕೇ ಪರಂಪರೆ ಅಂದುಕೊಂಡಿದ್ದರೆ ತೋಟಾ ಹಾಕುವ ಬಂದೂಕೂ ಬರುತ್ತಿರಲಿಲ್ಲ. ರಾತ್ರಿ ಕಾವಲಿಗೆ ಹೊರಟಾಗ ನಮ್ಮಪ್ಪ ಬಂದೂಕಿನ ಮೂತಿಯ ಮಣಿಗೆ ಎಲೆಯಡಿಕೆ ಡಬ್ಬಿಯ ಸುಣ್ಣ ಹಚ್ಚುತ್ತಿದ್ದರು, ಕತ್ತಲಲ್ಲಿ ಬೆಳ್ಳಗೆ ಕಾಣಲಿ ಎಂದು. ತೇಜಸ್ವಿಯವರ ‘ಕಾಡಿನ ಕಥೆಗಳು’ ಮೂಲಕ ಕನ್ನಡಿಗರ ಮನೆಮಾತಾದ ಕೆನೆತ್ ಆಂಡರ್ಸನ್ ತನ್ನ .405 ವಿಂಚೆಸ್ಟರ್ ರೈಫಲ್ಲಿಗೆ ಟಾರ್ಚು ಕಟ್ಟಿಕೊಂಡು ಮಚಾನಿನ ಮೇಲೆ ಕೂರುತ್ತಿದ್ದ. ಅವನು ನರಭಕ್ಷಕ ಹುಲಿಯನ್ನು ಹುಡುಕಿದ ಜವಳಗಿರಿ ಇಲ್ಲಿಂದ ಬಹಳ ದೂರವೇನಲ್ಲ. ಸುಣ್ಣ ಆಯಿತು, ಟಾರ್ಚು ಆಯಿತು, ಈಗ ಎಲ್‌ಇಡಿ. ಬೇಟೆಗಾರರು ಯಾವತ್ತೂ ಸಿಕ್ಕ ಹೊಸದನ್ನು ಬಿಟ್ಟವರಲ್ಲ.

ಹಾಗಿದ್ದರೆ ನಾನು ತೂತು ಕೊರೆಯಲು ಒಪ್ಪಲಿಲ್ಲ ಯಾಕೆ?

ನಮ್ಮ ಮನೆಯದು ಇಂಗ್ಲೆಂಡಿನಲ್ಲಿ ಮಾಡಿದ ಜೋಡಿ ನಳಿಗೆಯ ಟ್ವೆಲ್‌ಬೋರ್. 1956ರಲ್ಲಿ ಮೈಸೂರು ಸರ್ಕಾರ ಇಲ್ಲಿನ ಚಿನ್ನದ ಗಣಿಗಳನ್ನು ವಹಿಸಿಕೊಂಡ ಮೇಲೆ ಇಂಗ್ಲಿಷ್ ದೊರೆಗಳು ಒಬ್ಬೊಬ್ಬರಾಗಿ ಊರು ಬಿಟ್ಟರು. ಹೋಗುವಾಗ ಸಾಗಿಸಲಾಗದ್ದನ್ನೆಲ್ಲ ಮಾರಿದರು. ಪಿಯಾನೊ, ಬೀಟೆ ಮರದ ಮೇಜು, ಬಂದೂಕು. ಅವರಲ್ಲಿ ಹಲವರು ಕೋಲಾರ ಗೋಲ್ಡ್ ಫೀಲ್ಡ್ಸ್ ಬೆಟಾಲಿಯನ್ ಎಂಬ ಸ್ವಯಂಸೇವಕ ಪಡೆಯಲ್ಲಿ ಕವಾಯತು ಮಾಡಿದವರು, ರಜೆಗೆ ಶಿಕಾರಿ ಹೋಗುತ್ತಿದ್ದವರು. ಅಂಥವರೊಬ್ಬರಿಂದ ನಮ್ಮಪ್ಪ ಕೊಂಡದ್ದು. ಎರಡು ನಳಿಗೆಗಳ ನಡುವೆ ಉದ್ದಕ್ಕೂ ಒಂದು ತೆಳು ಪಟ್ಟಿ ಇದೆ. ನೋಡಲು ಗಟ್ಟಿ. ಆದರೆ ಅದನ್ನು ಸ್ಕ್ರೂ ಹಾಕಿ ಕೂರಿಸಿಲ್ಲ, ಬೆಸುಗೆ ಹಾಕಿ ಕೂರಿಸಿದ್ದಾರೆ. ಅದರ ಕೆಳಗೆ ಪೊಳ್ಳು. ಅಲ್ಲಿ ಕೊರೆದರೆ ಸ್ಕ್ರೂ ಹಿಡಿಯಲು ಕಬ್ಬಿಣವೇ ಸಿಗುವುದಿಲ್ಲ. ಸ್ವಲ್ಪ ಪಕ್ಕಕ್ಕೆ ಜಾರಿದರೆ ನಳಿಗೆಯ ಗೋಡೆಗೇ ಬಿಟ್ ಇಳಿಯುತ್ತದೆ. ನಳಿಗೆಯ ಗೋಡೆಗೆ ಬಿದ್ದ ಗಾಯ ಏನು ಮಾಡುತ್ತದೆ ಎಂದು ಸಿಡಿದ ಬಂದೂಕಿನಿಂದ ಬೆರಳು ಕಳಕೊಂಡವರನ್ನು ಕೇಳಿ. ಬಿಸಿ ಮಾಡಿ ಬೇಸ್ ಪ್ಲೇಟ್ ಅಂಟಿಸಿದರೆ ಹಳೇ ಬೆಸುಗೆ ಬಿಟ್ಟುಕೊಂಡು ಎರಡು ನಳಿಗೆ ಎರಡು ದಾರಿ ಹಿಡಿಯುತ್ತವೆ.

ಇನ್ನೊಂದು, ಕುಂದದ ವಿಷಯ. ಹಳೇ ಬಂದೂಕಿನ ಮರದ ಕುಂದವನ್ನು ಬೇಕೆಂದೇ ಕೆಳಕ್ಕೆ ಬಾಗಿಸಿ ಕೆತ್ತಿರುತ್ತಾರೆ. ಕೆನ್ನೆ ಮರಕ್ಕೆ ತಾಗಿದ ಕ್ಷಣ ಕಣ್ಣು ನಳಿಗೆಯ ಮೇಲಿನ ಪಟ್ಟಿಯ ಮಟ್ಟಕ್ಕೆ ತಾನಾಗಿ ಬರಬೇಕು, ಲೆಕ್ಕಾಚಾರ ಅದು. ರೆಡ್ ಡಾಟ್ ಕೂತರೆ ನೋಟದ ಗೆರೆ ಒಂದೂವರೆ ಎರಡು ಇಂಚು ಮೇಲೇರುತ್ತದೆ. ಕೆನ್ನೆ ಮರ ಬಿಟ್ಟು ಗಾಳಿಯಲ್ಲಿ ತೇಲುತ್ತದೆ. ಹಾಗೆ ಗಲ್ಲ ಎತ್ತಿಕೊಂಡು ಟ್ವೆಲ್‌ಬೋರ್ ಹಾರಿಸಿದವನ ದವಡೆಗೆ ಅದರ ಒದೆತ ಚೆನ್ನಾಗಿ ಪರಿಚಯವಾಗುತ್ತದೆ. ಇನ್ನು ಆಟದ ಸಾಮಾನಿನ ದರಕ್ಕೆ ಸಿಗುವ ಸೈಟುಗಳೋ, ಏರ್‌ಗನ್ನಿನ ಮೇಲೆ ಕೂರಲೆಂದು ಮಾಡಿದವು. ಟ್ವೆಲ್‌ಬೋರಿನ ಒದೆತಕ್ಕೆ ಒಳಗಿನ ಸ್ಕ್ರೂ ಸಡಿಲಾಗಿ ಚುಕ್ಕೆ ಒಂದು ಕಡೆ, ಗುಂಡು ಒಂದು ಕಡೆ.

ಕಾನೂನಂತೂ ಇದ್ದೇ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ತಯಾರಿಸುವುದಕ್ಕೆ ಮಾತ್ರವಲ್ಲ, ಮಾರ್ಪಡಿಸುವುದಕ್ಕೆ, ರಿಪೇರಿ ಮಾಡುವುದಕ್ಕೂ ಲೈಸೆನ್ಸ್ ಬೇಕು. ನಮ್ಮ ಬಂದೂಕಿನ ಲೈಸೆನ್ಸ್ ಅಣ್ಣನ ಹೆಸರಲ್ಲಿದೆ, ಮಗನ ಹೆಸರಲ್ಲಿಲ್ಲ. ರಿಪೇರಿಯ ಲೈಸೆನ್ಸ್ ನನ್ನ ಹೆಸರಲ್ಲಿಲ್ಲ. ಟೂಲ್‌ರೂಮಿನಲ್ಲಿ ಮೂವತ್ತು ವರ್ಷ ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡಿದ್ದೇನೆ ಎನ್ನುವುದು ಪೊಲೀಸ್ ಠಾಣೆಯಲ್ಲಿ ಸಮಜಾಯಿಷಿ ಆಗುವುದಿಲ್ಲ. ಮನೆಮನೆಯ ಫಿಟ್ಟರ್, ವೆಲ್ಡರ್ ಮಿತ್ರರು ಇದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಬಂದೂಕು ಕೆಟ್ಟರೆ ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರ ಕಳಿಸಿ, ನಿಮ್ಮ ವೈಸಿನಲ್ಲಿ ಕಟ್ಟಬೇಡಿ.

ಸರಿ, ಗನ್‌ಸ್ಮಿತ್ ಹತ್ತಿರವೇ ಮಾಡಿಸಿದೆವು ಅನ್ನಿ. ಆಗಲಾದರೂ ಏನು ಸಿಕ್ಕಿತು? ನಮ್ಮಲ್ಲಿ ಬಳಸುವುದು ಚೆರೆ ತುಂಬಿದ ತೋಟಾ, ಖಡ್ಕಿ ಕಾರ್ಖಾನೆಯ ಶಕ್ತಿಮಾನ್. ಬಾಯಿ ಬಿಗಿದ ಫುಲ್ ಚೋಕ್ ನಳಿಗೆಯಿಂದ ಹಾರಿದ ಚೆರೆಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟು 40 ಗಜದ ದೂರದಲ್ಲಿ 30 ಇಂಚಿನ ವೃತ್ತದೊಳಗೆ ಬೀಳಬೇಕು ಎನ್ನುವುದು ಸಾಮಾನ್ಯ ಅಳತೆ. ಉಳಿದವು ಆ ವೃತ್ತದ ಆಚೆ. ಸಾಧಾರಣ ರೆಡ್ ಡಾಟ್‌ನ 3 ಎಂಒಎ (ಕೋನದ ಅಳತೆ) ಚುಕ್ಕೆ ಅದೇ ದೂರದಲ್ಲಿ ಮುಚ್ಚುವುದು ಒಂದೂಕಾಲು ಇಂಚು. ಒಂದೂಕಾಲು ಇಂಚಿನ ನಿಖರತೆಯಲ್ಲಿ ಗುರಿಯಿಟ್ಟು ಎರಡೂವರೆ ಅಡಿ ಅಗಲಕ್ಕೆ ಚೆರೆ ಚೆಲ್ಲುವುದು ಯಾವ ಜಾಣತನ? ಒಂಟಿ ಗುಂಡಿನ ತೋಟಾ ಹಾಕುತ್ತೇನೆ ಅಂದರೆ ಜೋಡಿ ನಳಿಗೆಯ ಎರಡೂ ಬಾಯಿ ಒಂದೇ ಜಾಗಕ್ಕೆ ಹೊಡೆಯುವುದಿಲ್ಲ; ಚುಕ್ಕೆಯನ್ನು ಒಂದಕ್ಕೆ ಹೊಂದಿಸಿದರೆ ಇನ್ನೊಂದು ಮುನಿಸಿಕೊಳ್ಳುತ್ತದೆ. ಇನ್ನು ಬೆಳೆ ರಕ್ಷಣೆಗೆಂದೇ ಕಾಯ್ದೆ ಹೆಸರಿಸುವ ಬಾಯಿಮದ್ದಿನ ಬಂದೂಕಿನ ಮಾತು ಬೇಡವೇ ಬೇಡ. ಮದ್ದನ್ನು ಕೈಯಳತೆಯಲ್ಲಿ ಸುರಿದು, ನಾರು ಗಿಡಿದು, ಗಜದಿಂದ ಕುಟ್ಟಿ ಹಾರಿಸುವ ಅದರಲ್ಲಿ ಒಂದು ಹೊಡೆತದಂತೆ ಇನ್ನೊಂದು ಇರುವುದಿಲ್ಲ. ಅದಕ್ಕೂ ಚುಕ್ಕೆ ಕೂರಿಸಲು ಕೇಳಿದವರಿದ್ದಾರೆ!

ರೆಡ್ ಡಾಟ್‌ಗೆ ಹೊಂದುವ ಹಳೇ ಮಾದರಿಯ ಬಂದೂಕು ನಮ್ಮ ದೇಶದಲ್ಲಿ ಇಲ್ಲವೆಂದಲ್ಲ. ಸರ್ಕಾರಿ ಕಾರ್ಖಾನೆಯ .315 ಸ್ಪೋರ್ಟಿಂಗ್ ರೈಫಲ್ ಇದೆ, ಲೀ ಎನ್‌ಫೀಲ್ಡ್ ವಂಶದ್ದು. ಒಂದೇ ನಳಿಗೆ, ಒಂದೇ ಗುಂಡು, ದಪ್ಪ ಉಕ್ಕಿನ ಮೈ. ಬೇಸ್ ಪ್ಲೇಟ್ ಕೂರಲು ಜಾಗವಿದೆ. ವಯಸ್ಸಾದವರೊಬ್ಬರು ಅದಕ್ಕೆ ರೆಡ್ ಡಾಟ್ ಹಾಕಿಸಿ ಶೂಟಿಂಗ್ ರೇಂಜಿನಲ್ಲಿ ಕಾಗದದ ಗುರಿಗೆ ಹೊಡೆಯುತ್ತೇನೆ ಅಂದರೆ ನಾನೇ ಜೊತೆಗೆ ಹೋಗಿ ಚಪ್ಪಾಳೆ ತಟ್ಟುತ್ತೇನೆ. ಸ್ಪರ್ಧೆಗೆ ಮಾತ್ರ ಬೇರೆ ನಿಯಮ. ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್‌ನಲ್ಲೂ ಇಂಥ ಸೈಟಿಗೆ ಪ್ರವೇಶವಿಲ್ಲ, ತೂತಿನ ಸೈಟಿನಲ್ಲೇ ಹೊಡೆಯಬೇಕು. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜಿಸಿ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರಲ್ಲ, ಅಲ್ಲಿಗೂ ಚುಕ್ಕೆ ತಂದರೆ ಆಟದ ರುಚಿ ಹೋಯಿತು.

ಇಷ್ಟು ಹೇಳಿದ ಮೇಲೂ ಅಣ್ಣನ ಮಗ ಸುಮ್ಮನಾಗಲಿಲ್ಲ. “ಹಂದಿಗೆ ಗಾಯ ಮಾಡಿ ಬಿಡುವುದಕ್ಕಿಂತ ಒಂದೇ ಏಟಿಗೆ ಬೀಳಿಸುವುದು ಕರುಣೆ ಅಲ್ಲವಾ ಚಿಕ್ಕಪ್ಪ?” ಅಂದ. ಹೌದು, ಮಾತು ಸರಿಯಾದದ್ದೇ. ಕೊಲ್ಲಲೇಬೇಕಾದಾಗ ನರಳಿಸದೆ ಕೊಲ್ಲುವುದು ಧರ್ಮ. ಕಾಸರಗೋಡಿನ ನಮ್ಮ ಕನ್ನಡ ರೈತರ ಉದಾಹರಣೆಯನ್ನೇ ತೆಗೆದುಕೊಳ್ಳಿ. 2022ರಲ್ಲಿ ಕೇರಳ ಸರ್ಕಾರ ಬೆಳೆ ಹಾಳುಮಾಡುವ ಕಾಡುಹಂದಿಗೆ ಗುಂಡಿಕ್ಕಲು ಅನುಮತಿ ಕೊಡುವ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರಿಗೇ ಕೊಟ್ಟಿತು. ಹೊಡೆಯುವವರು ಲೈಸೆನ್ಸ್ ಇದ್ದವರು, ಹೆಸರು ನೋಂದಾಯಿಸಿದವರು. ಅಂಥ ಕಡೆ, ಕಾನೂನು ಒಪ್ಪಿ ಕೊಟ್ಟ ಕೆಲಸಕ್ಕೆ, ಒಂಟಿ ಗುಂಡಿನ ಬಂದೂಕಿನ ಮೇಲೆ ಒಳ್ಳೆಯ ಸೈಟ್ ಇದ್ದರೆ ಹಂದಿಗೂ ಒಳಿತು, ಹಿಂದೆ ನಿಂತವರಿಗೂ ಒಳಿತು.

ಆದರೆ ಬಂಗಾರಪೇಟೆಯಲ್ಲಿ ಅಣ್ಣನ ಮಗನ ಕೈಯಲ್ಲಿ ಅಂಥ ಅನುಮತಿ ಪತ್ರ ಎಲ್ಲಿದೆ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಬೆಳೆ ತಿನ್ನುವ ಹಂದಿಯನ್ನು ಹೊಡೆಯುವುದಕ್ಕೂ 11ನೇ ಸೆಕ್ಷನ್ ಪ್ರಕಾರ ಅಧಿಕಾರಿಯ ಲಿಖಿತ ಆದೇಶ ಬೇಕು. ಲೈಸೆನ್ಸ್ ಪುಸ್ತಕದಲ್ಲಿ ‘ಬೆಳೆ ರಕ್ಷಣೆ’ ಎಂದಿದ್ದರೆ ಅದು ಬೇಟೆಯ ಪರವಾನಗಿ ಅಲ್ಲ. ಇದನ್ನು ಊರಿನ ಅರ್ಧ ಜನ ಒಪ್ಪುವುದಿಲ್ಲ, ನನಗೆ ಗೊತ್ತು. ರಾತ್ರಿಯೆಲ್ಲ ನಿದ್ದೆಗೆಟ್ಟು ಬೆಳಗ್ಗೆ ಉತ್ತ ಹಾಗೆ ಮಗುಚಿಬಿದ್ದ ನೆಲಗಡಲೆ ಹೊಲ ನೋಡಿದವನಿಗೆ ಸೆಕ್ಷನ್ ಹೇಳುವುದು ನನಗೂ ಸುಲಭವಲ್ಲ. ಆದರೂ ಕೆಂಪು ಚುಕ್ಕೆ ಮಾಡುವ ಕೆಲಸ ಒಂದಿದೆ. ಆಕಾಶದ ಕಡೆ ಏಳುತ್ತಿದ್ದ ಮೂತಿಯನ್ನು ಅದು ಕೆಳಗಿಳಿಸುತ್ತದೆ. ಚುಕ್ಕೆ ಇದ್ದ ಮೇಲೆ ಅದನ್ನು ಯಾವುದರ ಮೇಲಾದರೂ ಇಟ್ಟು ನೋಡಬೇಕೆನಿಸುತ್ತದೆ. ಇಟ್ಟ ಮೇಲೆ ಬೆರಳು ತಡೆಯುವುದು ಕಷ್ಟ.

ಆನೆಯ ವಿಷಯದಲ್ಲಿ ಇದು ಜೀವಕ್ಕೇ ಬರುತ್ತದೆ. ಟ್ವೆಲ್‌ಬೋರಿನ ಚೆರೆ ಆನೆಯನ್ನು ಕೊಲ್ಲುವುದಿಲ್ಲ. ಚರ್ಮದೊಳಗೆ ಹೊಕ್ಕು ಕೀವು ಕಟ್ಟಿಸುತ್ತದೆ, ಕಣ್ಣಿಗೆ ಬಿದ್ದರೆ ಕುರುಡು ಮಾಡುತ್ತದೆ. ಆ ನೋವು ಹೊತ್ತ ಆನೆ ಮರುದಿನ ಬೆಳಗ್ಗೆ ಎದುರಾಗುವುದು ಗುಂಡು ಹಾರಿಸಿದವನಿಗಲ್ಲ. ಹಾಲು ಹಾಕಲು ಡೇರಿಗೆ ಹೊರಟ ಹೆಂಗಸಿಗೆ, ಶಾಲೆಗೆ ನಡೆದು ಹೋಗುವ ಮಕ್ಕಳಿಗೆ. ಆನೆ ದಾಳಿಗೆ ಜನ ಸತ್ತ ಹಳ್ಳಿಗಳು ಕಾಮಸಮುದ್ರ ಹೋಬಳಿಯಲ್ಲಿವೆ. ಅಲ್ಲಿ ಕೂತು ಗುರಿಕಾರಿಕೆಯ ಸುಖ ಮಾತಾಡುವಂತಿಲ್ಲ.

ಇದಕ್ಕಿಂತ ಹೆಚ್ಚು ನನಗೆ ಸಿಟ್ಟು ತರಿಸುವುದು ಏರ್‌ಗನ್ ಹುಡುಗರು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ .177 ಬೋರಿನ, 20 ಜೌಲ್ ಮೀರದ ಏರ್‌ಗನ್ನಿಗೆ ಲೈಸೆನ್ಸ್ ಬೇಡ. ಅದಕ್ಕೊಂದು ರೆಡ್ ಡಾಟ್ ಸಿಕ್ಕಿಸಿಕೊಂಡು ಭಾನುವಾರ ಬೆಳಗ್ಗೆ ಚಿನ್ನದ ಗಣಿಯ ಸೈನೈಡ್ ದಿಬ್ಬಗಳ ಹಿಂದೆ, ಕೆರೆ ಏರಿಯ ಮೇಲೆ ಬೈಕ್ ನಿಲ್ಲಿಸಿ ಬೆಳವ, ಕೌಜುಗ, ಕೊಕ್ಕರೆಗಳಿಗೆ ಹೊಡೆಯುತ್ತಾರೆ, ವಿಡಿಯೊ ಬೇರೆ. ಬಂದೂಕಿಗೆ ಲೈಸೆನ್ಸ್ ಬೇಡವಾದರೆ ಹಕ್ಕಿಯನ್ನೂ ಸರ್ಕಾರ ಬಿಟ್ಟುಕೊಟ್ಟಿತು ಅಂದುಕೊಂಡಿದ್ದಾರೆ. ಅಪ್ಪಂದಿರು ಹುಟ್ಟುಹಬ್ಬಕ್ಕೆ ತಾವೇ ಕೊಡಿಸಿ ಬೆನ್ನು ತಟ್ಟುವುದನ್ನೂ ಕಂಡಿದ್ದೇನೆ. ಗುರಿಯ ಹುಚ್ಚಿದ್ದರೆ ಮಕ್ಕಳನ್ನು ಎನ್‌ಸಿಸಿಗೆ ಸೇರಿಸಿ, ಬೆಂಗಳೂರಿನ ರೇಂಜಿಗೆ ಕರೆದುಕೊಂಡು ಹೋಗಿ. ಬಂಗಾರಪೇಟೆಯಿಂದ ರೈಲಿಗೇನು ಬರವಿಲ್ಲ.

ಕಾವಲು ಕಾಯುವ ರೈತನಿಗೆ ಬೇಕಾಗಿರುವುದು ಬೇರೆ. ಹಳೇ ರೈಲು ಕಂಬಿಯ ಬೇಲಿಯನ್ನು ರಾಜ್ಯದ ಬೇರೆ ಕಡೆ ಆನೆ ದಾರಿಗೆ ಅಡ್ಡ ನಿಲ್ಲಿಸಿದ್ದಾರೆ. ಗಡಿಯ ಈ ತುಂಡಿಗೂ ಅದು ಪೂರ್ತಿಯಾಗಿ ಬರಲಿ. ಸೋಲಾರ್ ಬೇಲಿ ಹಾಕಿಸಿದರೆ ಸಾಲದು, ಬ್ಯಾಟರಿ ಸತ್ತಾಗ ಬದಲಿಸುವ ಮನುಷ್ಯ ಬೇಕು. ಚುನಾವಣೆ ಬಂತೆಂದರೆ ಬಂದೂಕು ಠಾಣೆಯಲ್ಲಿ ಜಮೆಯಾಗುತ್ತದೆ. ಕಾಡಂಚಿನ ಹೊಲದವರಿಗೆ, ಕೇಸಿಲ್ಲದವರಿಗೆ, ಫಸಲಿನ ಕಾಲದಲ್ಲಿ ವಿನಾಯಿತಿ ಕೊಡುವ ತೀರ್ಮಾನವನ್ನು ಜಿಲ್ಲಾ ಸಮಿತಿ ಅರ್ಜಿ ಬಂದ ವಾರದೊಳಗೆ ಮಾಡಲಿ. ಸದ್ದು ಮಾಡುವ ಬಂದೂಕಾದರೂ ಹೊಲದಲ್ಲಿರಲಿ.

ರೈತರಲ್ಲೂ ಒಂದು ಕೇಳಿಕೆ. ಸೈಟಿಗೆ ಸುರಿಯುವ ದುಡ್ಡಿನಲ್ಲಿ ಒಂದು ಒಳ್ಳೆ ಟಾರ್ಚು ಕೊಳ್ಳಿ. ಬೆಳೆ ಹಾಳಾದ ದಿನವೇ ಫೋಟೊ ತೆಗೆದು, ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೊತೆಗಿಟ್ಟು ಅರಣ್ಯ ಇಲಾಖೆಯ ಇ-ಪರಿಹಾರದಲ್ಲಿ ಅರ್ಜಿ ಹಾಕಿಸಿ, ಅರ್ಜಿಯ ನಂಬರ್ ಬರೆದಿಟ್ಟುಕೊಳ್ಳಿ. ಕೊಡುವ ಮೊತ್ತ ಕಡಿಮೆಯೆಂದು ಹಾಕದೇ ಬಿಟ್ಟವರ ನಷ್ಟ ಯಾವ ಲೆಕ್ಕದಲ್ಲೂ ಕಾಣುವುದಿಲ್ಲ, ಲೆಕ್ಕದಲ್ಲಿ ಕಾಣದ ಊರಿಗೆ ಬೇಲಿಯೂ ಬರುವುದಿಲ್ಲ.